ಹಾರ್ಟ್ ಅಟ್ಯಾಕ್‌ಗೆ ಚಿಕಿತ್ಸೆ ತಡವಾಯಿತೇ? ದಾಖಲೆ ಕೂಡಿಸುವುದರಿಂದ ಗ್ರಾಹಕರ ಆಯೋಗದವರೆಗೆ

"ಅಪ್ಪನಿಗೆ ಎದೆನೋವು ಅಂತ ಕರೆದುಕೊಂಡು ಹೋದೆವು. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರು. ಕೇಸ್ ಹಾಕಬಹುದಾ?" ಊರು, ಆಸ್ಪತ್ರೆ ಬದಲಾಗುತ್ತವೆ, ಪ್ರಶ್ನೆ ಮಾತ್ರ ಹೀಗೇ ಮತ್ತೆ ಮತ್ತೆ ಬರುತ್ತದೆ. ಹಾಕಬಹುದು. ಆದರೆ ಇಂಥ ಪ್ರಕರಣ ನಿಲ್ಲುವುದು ಗಡಿಯಾರದ ಮೇಲೆ. ಎಷ್ಟು ಗಂಟೆಗೆ ಹೋದಿರಿ, ಎಷ್ಟು ಗಂಟೆಗೆ ಇಸಿಜಿ ಆಯಿತು, ಎಷ್ಟು ಗಂಟೆಗೆ ಔಷಧ ಬಿತ್ತು ಎಂಬುದನ್ನು ಕಾಗದದಲ್ಲಿ ತೋರಿಸಲಾಗದಿದ್ದರೆ ನಿಮ್ಮ ನೋವು ಎಷ್ಟೇ ನಿಜವಾಗಿದ್ದರೂ ಆಯೋಗದ ಮುಂದೆ ಅದು ಬರೀ ಹೇಳಿಕೆಯಾಗಿ ಉಳಿಯುತ್ತದೆ.

ಇದನ್ನು ಓದುತ್ತಿರುವ ಈ ಹೊತ್ತಿನಲ್ಲೇ ಮನೆಯಲ್ಲಿ ಯಾರಿಗಾದರೂ ಎದೆ ಹಿಂಡಿದಂತಾಗಿ ಬೆವರು ಕಿತ್ತುಬರುತ್ತಿದ್ದರೆ ಓದುವುದನ್ನು ಬಿಟ್ಟು 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರು 300 ಮಿಲಿಗ್ರಾಂ ಸಾದಾ ಆಸ್ಪಿರಿನ್ ಅಗಿದು ನುಂಗಬಹುದು. ರೋಗಿಯನ್ನು ನಡೆಸಬೇಡಿ, ಬೈಕ್ ಹಿಂದೆ ಕೂರಿಸಿಕೊಂಡು ಹೋಗಬೇಡಿ.

ಹಂತ 1: ಏನು ನಡೆಯಬೇಕಿತ್ತು ಎಂದು ತಿಳಿದುಕೊಳ್ಳಿ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳಿಗೆ ಕರೊನರಿ ಎನ್ನುತ್ತಾರೆ. ಅವುಗಳ ಗೋಡೆಯಲ್ಲಿ ಕೂತಿದ್ದ ಕೊಬ್ಬಿನ ಗಡ್ಡೆ ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಕೊಂಡರೆ ಅದೇ ಹಾರ್ಟ್ ಅಟ್ಯಾಕ್. ಸುಮಾರು ಅರ್ಧ ಗಂಟೆಯೊಳಗೆ ಸ್ನಾಯು ಒಳಪದರದಿಂದ ಸಾಯತೊಡಗುತ್ತದೆ, ಆರು ಗಂಟೆಯಾಗುವಷ್ಟರಲ್ಲಿ ಬಹುಪಾಲು ಹಾನಿ ಮುಗಿದಿರುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ.

ಹೃದಯಸ್ತಂಭನ ಬೇರೆ. ಬಡಿತವೇ ನಿಲ್ಲುವುದು ಅದು. ಹಾರ್ಟ್ ಅಟ್ಯಾಕ್ ಅದಕ್ಕೆ ಒಂದು ಕಾರಣ ಅಷ್ಟೆ. ಈ ವ್ಯತ್ಯಾಸ ಮುಂದೆ ಮರಣ ಪತ್ರ ಓದುವಾಗ ಬೇಕಾಗುತ್ತದೆ.

ಹಾರ್ಟ್ ಅಟ್ಯಾಕ್‌ನಲ್ಲಿ ಎರಡು ಬಗೆ. ನಾಳ ಪೂರ್ತಿ ಮುಚ್ಚಿ, ಇಸಿಜಿಯಲ್ಲಿ ಎಸ್‌ಟಿ ಎಂಬ ಗೆರೆ ಮೇಲಕ್ಕೆದ್ದಿದ್ದರೆ ಅದು 'ಸ್ಟೆಮಿ'. ಆ ಗೆರೆ ಏಳದೆ ರಕ್ತದಲ್ಲಿ ಟ್ರೋಪೊನಿನ್ ಮಾತ್ರ ಏರಿದ್ದರೆ 'ಎನ್‌ಸ್ಟೆಮಿ'. ಟ್ರೋಪೊನಿನ್ ಎಂದರೆ ಹೃದಯ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಪ್ರೋಟೀನು. ನಿಮ್ಮವರದು ಯಾವ ಬಗೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಎರಡಕ್ಕೂ ಕಾಲದ ಲೆಕ್ಕ ಬೇರೆ ಬೇರೆ.

ಹೃದ್ರೋಗ ವೈದ್ಯರೇ ಒಪ್ಪಿಕೊಂಡಿರುವ ಅಳತೆ ಹೀಗಿದೆ:

- ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಿ, ಅದನ್ನು ವೈದ್ಯರು ನೋಡಿರಬೇಕು.
- ಸ್ಟೆಮಿ ಆಗಿದ್ದು ಆಸ್ಪತ್ರೆಯಲ್ಲೇ ಕ್ಯಾತ್ ಲ್ಯಾಬ್ (ಸಣ್ಣ ಕೊಳವೆ ತೂರಿಸಿ ಹೃದಯದ ನಾಳ ತೆರೆಯುವ ಕೋಣೆ) ಇದ್ದರೆ, ಬಾಗಿಲಿಗೆ ಬಂದ 90 ನಿಮಿಷದೊಳಗೆ ಬಲೂನು ಹಾಕಿ ನಾಳ ತೆರೆಯಬೇಕು.
- ಬೇರೆ ಆಸ್ಪತ್ರೆಗೆ ಕಳಿಸಿ 120 ನಿಮಿಷದೊಳಗೆ ನಾಳ ತೆರೆಸಲು ಆಗದು ಎಂದಾದರೆ, ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು. ಬಂದ 30 ನಿಮಿಷದೊಳಗೆ ಕೊಡಬೇಕು. ನೋವು ಶುರುವಾಗಿ 12 ಗಂಟೆ ದಾಟಿರಬಾರದು. ಟೆನೆಕ್ಟೆಪ್ಲೇಸ್, ಸ್ಟ್ರೆಪ್ಟೊಕೈನೇಸ್ ಈ ಗುಂಪಿನ ಔಷಧಗಳು.

ಎನ್‌ಸ್ಟೆಮಿಗೆ ಈ ಇಂಜೆಕ್ಷನ್ ಕೊಡುವುದಿಲ್ಲ, ಕೊಟ್ಟರೆ ಅಪಾಯ. "ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲಿಲ್ಲ" ಎಂದು ಎನ್‌ಸ್ಟೆಮಿ ಪ್ರಕರಣದಲ್ಲಿ ದೂರು ಬರೆದರೆ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ. ಮಿದುಳಿನಲ್ಲಿ ಹಿಂದೆ ರಕ್ತಸ್ರಾವ ಆಗಿದ್ದವರಿಗೆ, ಇತ್ತೀಚೆಗೆ ಪಾರ್ಶ್ವವಾಯು ಹೊಡೆದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೂ ಕೊಡದೇ ಇದ್ದದ್ದು ತಪ್ಪಲ್ಲ.

ಕರ್ನಾಟಕದಲ್ಲಿ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ಬಂದಮೇಲೆ ಅದರಡಿ ಬರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಂದ ಓದಿಸಿ, ಟೆನೆಕ್ಟೆಪ್ಲೇಸ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆದ್ದರಿಂದ "ನಮ್ಮಲ್ಲಿ ಸೌಲಭ್ಯ ಇರಲಿಲ್ಲ" ಎಂಬ ಉತ್ತರವನ್ನು ಕೇಳಿ ಸುಮ್ಮನಾಗಬೇಡಿ. ಆ ದಿನ ಆ ಆಸ್ಪತ್ರೆ ಯೋಜನೆಯಲ್ಲಿತ್ತೇ, ಔಷಧ ದಾಸ್ತಾನಿತ್ತೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ.

ಹಂತ 2: ವಿಳಂಬ ಯಾರದು ಎಂದು ಬಿಡಿಸಿ

ಸಾವು ಆಯಿತು ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ. ಸಕಾಲಕ್ಕೆ ಎಲ್ಲ ಮಾಡಿದರೂ ಹಾರ್ಟ್ ಅಟ್ಯಾಕ್‌ನಲ್ಲಿ ಜನ ಸಾಯುತ್ತಾರೆ. ನೀವು ಮೂರು ಸಂಗತಿ ತೋರಿಸಬೇಕು: ಆಸ್ಪತ್ರೆಗೆ ಕರ್ತವ್ಯವಿತ್ತು, ಅದು ತಪ್ಪಿತು, ತಪ್ಪಿದ್ದರಿಂದಲೇ ಹಾನಿಯಾಯಿತು. ಹೆಚ್ಚಿನ ಪ್ರಕರಣಗಳು ಮೂರನೆಯದರಲ್ಲಿ ಸೋಲುತ್ತವೆ.

ಒಂದು ಹಾಳೆಯಲ್ಲಿ ನಾಲ್ಕು ಭಾಗ ಮಾಡಿ. ನೋವು ಶುರುವಾದಾಗಿನಿಂದ ಮನೆ ಬಿಟ್ಟವರೆಗೆ, ದಾರಿಯಲ್ಲಿ, ಮೊದಲ ಆಸ್ಪತ್ರೆಯಲ್ಲಿ, ಅಲ್ಲಿಂದ ಎರಡನೆಯ ಆಸ್ಪತ್ರೆಗೆ. ಪ್ರತಿಯೊಂದರ ಮುಂದೆ ನಿಮಿಷ ಬರೆಯಿರಿ. ಮನೆಯಲ್ಲೇ ಎಂಟು ಗಂಟೆ ಓಮದ ನೀರು ಕುಡಿಸಿ ಕಾದಿದ್ದರೆ ಆಸ್ಪತ್ರೆಯವರು ಅದನ್ನೇ ಹಿಡಿಯುತ್ತಾರೆ. ಮುಚ್ಚಿಡಬೇಡಿ. ಕೇಸ್ ಶೀಟಿನಲ್ಲಿ "ರಾತ್ರಿಯಿಂದ ನೋವು" ಎಂದು ನಿಮ್ಮ ಮಾತನ್ನೇ ಬರೆದುಕೊಂಡಿರುತ್ತಾರೆ.

ಗಟ್ಟಿಯಾಗಿ ನಿಲ್ಲುವ ಸಂಗತಿಗಳು: ಎದೆನೋವೆಂದು ಹೇಳಿದರೂ ಇಸಿಜಿಯನ್ನೇ ತೆಗೆಯದೆ ಗ್ಯಾಸ್ಟ್ರಿಕ್ ಔಷಧ ಕೊಟ್ಟು ಕಳಿಸಿದ್ದು, ಇಸಿಜಿಯಲ್ಲಿ ಸ್ಪಷ್ಟ ಬದಲಾವಣೆ ಇದ್ದೂ ಗಂಟೆಗಟ್ಟಲೆ ಕೂರಿಸಿದ್ದು, ಮೊದಲ ಇಸಿಜಿ ಸರಿಯಿದೆ ಎಂದು, ನೋವು ನಿಲ್ಲದಿದ್ದರೂ ಎರಡನೆಯದು ತೆಗೆಯದೇ ಇದ್ದದ್ದು, ಮುಂಗಡ ಕಟ್ಟುವವರೆಗೆ ಮುಟ್ಟದೇ ಇದ್ದದ್ದು. ಮೊದಲ ಇಸಿಜಿ, ಮೊದಲ ಟ್ರೋಪೊನಿನ್ ಎರಡೂ ಆರಂಭದಲ್ಲಿ ಸಾಮಾನ್ಯವಾಗಿಯೇ ಇರಬಹುದು. ನೋವು ಮುಂದುವರಿದರೆ ಮೊದಲ ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ, ಕೆಲವು ಗಂಟೆ ಬಿಟ್ಟು ಮತ್ತೆ ಟ್ರೋಪೊನಿನ್ ಮಾಡುವ ಪದ್ಧತಿ ಇರುವುದು ಅದಕ್ಕೇ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಮೇಲ್ಹೊಟ್ಟೆ ನೋವು, ಏದುಸಿರು, ವಾಂತಿ, ವಿಪರೀತ ಸುಸ್ತು ಮಾತ್ರ ಇರಬಹುದು ಎಂಬುದೂ ವೈದ್ಯರಿಗೆ ಪಾಠದಲ್ಲೇ ಇರುವ ವಿಷಯ.

ಹಂತ 3: ಸಾವು ಆಗಿದ್ದರೆ, ಸಂಸ್ಕಾರಕ್ಕೆ ಮುಂಚೆ

ಹೇಳಲು ಕಷ್ಟದ ಮಾತು, ಆದರೂ ಹೇಳಲೇಬೇಕು. ನಿರ್ಲಕ್ಷ್ಯದ ಬಲವಾದ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಅದು ಇಲ್ಲದೆಯೂ ಗ್ರಾಹಕರ ಆಯೋಗದಲ್ಲಿ ದೂರು ನಡೆಯುತ್ತದೆ. ಆದರೆ "ಸಾವಿಗೆ ಕಾರಣ ಬೇರೆಯೇ ಇರಬಹುದು" ಎಂಬ ವಾದಕ್ಕೆ ಬಾಗಿಲು ತೆರೆದುಕೊಳ್ಳುತ್ತದೆ. ಆಸ್ಪತ್ರೆ ಇರುವ ವ್ಯಾಪ್ತಿಯ ಠಾಣೆಗೆ ಲಿಖಿತ ದೂರು ಕೊಟ್ಟು, ಬೇರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕೆಂದೂ, ಹೃದಯವನ್ನು ಹಿಸ್ಟೊಪೆಥಾಲಜಿಗೆ ಕಳಿಸಬೇಕೆಂದೂ ಅದರಲ್ಲೇ ಬರೆಯಿರಿ. ಹಿಸ್ಟೊಪೆಥಾಲಜಿ ಎಂದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಟ್ಯಾಕ್ ಆದ ಮೊದಲ ಹನ್ನೆರಡು ಗಂಟೆ ಬರಿಗಣ್ಣಿಗೆ ಸ್ನಾಯುವಿನಲ್ಲಿ ಏನೂ ಕಾಣದೇ ಹೋಗಬಹುದು. ಬರೀ ಕೊಯ್ದು ನೋಡಿ ಮುಗಿಸಿದರೆ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ.

ಮರಣದ ಕಾರಣದ ವೈದ್ಯಕೀಯ ಪತ್ರವನ್ನು ಪಡೆಯಿರಿ. ಆಸ್ಪತ್ರೆಯಲ್ಲಾದ ಸಾವಿಗೆ ಅದು ನಮೂನೆ 4ರಲ್ಲಿ ಇರುತ್ತದೆ. "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಎಂದಷ್ಟೇ ಬರೆದಿದ್ದರೆ ಅದು ಸಾವು ಹೇಗಾಯಿತು ಎನ್ನುತ್ತದೆಯೇ ಹೊರತು ಏಕಾಯಿತು ಎನ್ನುವುದಿಲ್ಲ. ಸಾಯುವಾಗ ಎಲ್ಲರ ಹೃದಯ, ಉಸಿರು ನಿಲ್ಲುತ್ತವೆ. ಕೆಳಗಿನ ಸಾಲಿನಲ್ಲಿ ಮೂಲ ಕಾರಣ ಬರೆದಿದ್ದಾರೆಯೇ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ.

ಬಾಕಿ ಬಿಲ್ಲಿಗಾಗಿ ಶವ ಕೊಡದೆ ತಡೆದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯಂತೆ ಹಾಗೆ ತಡೆಯುವಂತಿಲ್ಲ ಎಂದು ಹೇಳಿ. ಬಾಕಿಯನ್ನು ಅವರು ಆಮೇಲೆ ವಸೂಲಿ ಮಾಡಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ. ಗಾಜು ಒಡೆಯುವುದು, ಸಿಬ್ಬಂದಿಯ ಮೈಮುಟ್ಟುವುದು ಬೇಡ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಅದು ಜಾಮೀನು ರಹಿತ ಅಪರಾಧ. ನ್ಯಾಯ ಕೇಳಬೇಕಾದ ಮಗನೇ ಆರೋಪಿಯಾಗುತ್ತಾನೆ.

ಹಂತ 4: ದಾಖಲೆ ಪಡೆಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ರೋಗಿಯೋ ಅಧಿಕೃತ ಸಂಬಂಧಿಯೋ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಸೀಲು, ಸಹಿ, ದಿನಾಂಕ, ವೇಳೆ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

"ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಡಿಸ್ಚಾರ್ಜ್ ಸಮ್ಮರಿ ಒಂದನ್ನು ಕೈಗಿಡುತ್ತಾರೆ. ಹೆಸರಿಟ್ಟು ಕೇಳಿ: ಕ್ಯಾಶುವಾಲ್ಟಿ (ತುರ್ತು ಚಿಕಿತ್ಸಾ ವಿಭಾಗ) ರಿಜಿಸ್ಟರಿನ ಆ ದಿನದ ಪುಟ, ಪೂರ್ತಿ ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಔಷಧ ಕೊಟ್ಟ ಚಾರ್ಟ್, ತೆಗೆದ ಎಲ್ಲ ಇಸಿಜಿಗಳು, ಟ್ರೋಪೊನಿನ್ ವರದಿಗಳು, ಎಕೋ (ಹೃದಯದ ಸ್ಕ್ಯಾನ್) ವರದಿ, ಒಪ್ಪಿಗೆ ಪತ್ರಗಳು, ರೆಫರಲ್ ಚೀಟಿ, ಆಂಜಿಯೋಗ್ರಾಮ್ (ಹೃದಯದ ನಾಳಗಳ ಎಕ್ಸ್‌ರೇ ಚಿತ್ರ) ಆಗಿದ್ದರೆ ಅದರ ಸಿಡಿ. ವೈದ್ಯರು ಏನು ಬರೆದರು ಎನ್ನುವುದಕ್ಕಿಂತ ನರ್ಸ್ ಟಿಪ್ಪಣಿ ಎಷ್ಟೋ ಸಲ ನಿಖರವಾಗಿರುತ್ತದೆ. ಯಾವ ಔಷಧ ಎಷ್ಟು ಗಂಟೆಗೆ ಬಿತ್ತು ಎಂಬುದು ಅಲ್ಲಿ ಸಿಗುತ್ತದೆ.

ಇಸಿಜಿ ಕಾಗದವನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಂಚಿನಲ್ಲೋ ಕೆಳಅಂಚಿನಲ್ಲೋ ದಿನಾಂಕ, ವೇಳೆ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿರುತ್ತದೆ, ಪಕ್ಕದಲ್ಲಿ ಸೆಕೆಂಡಿಗೆ 25 ಮಿಲಿಮೀಟರ್ ಎಂಬ ವೇಗವೂ ಇರುತ್ತದೆ. ಯಂತ್ರವೇ ಹಾಕಿದ ಈ ವೇಳೆ ನಿಮ್ಮ ಪ್ರಕರಣದ ಬೆನ್ನೆಲುಬು. ಆದರೆ ಯಂತ್ರದ ಗಡಿಯಾರ ತಪ್ಪಾಗಿರುವುದೂ ಉಂಟು. ಬಿಲ್ಲಿನ ವೇಳೆಯ ಜೊತೆ ತಾಳೆ ನೋಡಿ. ಹೆಚ್ಚಿನ ಇಸಿಜಿಗಳು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದ ಮೇಲೆ ಬರುತ್ತವೆ. ಜೋಪಾನ ಮಾಡುತ್ತೇವೆಂದು ಲ್ಯಾಮಿನೇಟ್ ಮಾಡಿಸಿದರೆ ಇಡೀ ಹಾಳೆ ಕಪ್ಪಾಗಿ ಗೆರೆಯೇ ಕಾಣದಾಗುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ, ಬಿಸಿಲು ಬೀಳುವ ಕಡೆ ಇಟ್ಟರೆ ಒಂದೆರಡು ವರ್ಷದಲ್ಲಿ ಮಾಸುತ್ತದೆ. ಸಿಕ್ಕ ದಿನವೇ ಫೋಟೊ ತೆಗೆಯಿರಿ, ಎರಡು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಕಾಗದದ ಲಕೋಟೆಯಲ್ಲಿಡಿ.

ಆಸ್ಪತ್ರೆಯ ಹೊರಗಿನ ಗಡಿಯಾರಗಳೂ ನಿಮ್ಮ ಕಡೆ ಇವೆ. ನೋಂದಣಿಗೆ ಹಣ ಕೊಟ್ಟ ಫೋನ್‌ಪೇ, ಗೂಗಲ್‌ಪೇ ಸಂದೇಶದಲ್ಲಿ ನಿಮಿಷ ಸಮೇತ ವೇಳೆ ಇರುತ್ತದೆ. 108ಕ್ಕೆ ಮಾಡಿದ ಕರೆ, ಅಣ್ಣನಿಗೆ ಕಳಿಸಿದ ವಾಟ್ಸಾಪ್, ಔಷಧದಂಗಡಿಯ ಬಿಲ್ಲು ಎಲ್ಲವೂ ಸಾಕ್ಷಿಯೇ. ಸ್ಕ್ರೀನ್‌ಶಾಟ್ ತೆಗೆದಿಡಿ, ಫೋನನ್ನೂ ಮಾರಬೇಡಿ: ಇಂಥ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೇಳಿದಾಗ ಮೂಲ ಸಾಧನ ಕೈಯಲ್ಲಿದ್ದರೆ ಅನುಕೂಲ. ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ ತಾನಾಗಿ ಅಳಿದುಹೋಗುತ್ತದೆ. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟರವರೆಗಿನ ಕ್ಯಾಶುವಾಲ್ಟಿಯ ದೃಶ್ಯ ಕಾಯ್ದಿಡಿ ಎಂದು ಮೊದಲ ವಾರವೇ ಪತ್ರ ಕೊಡಿ.

ಸಹಿ ಹಾಕಿದ ಕಾಗದಗಳನ್ನೂ ನೋಡಿ. "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ" ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಇದ್ದರೆ ಪ್ರಕರಣ ಸೊರಗುತ್ತದೆ. ಅವರೇ ಬೇರೆ ಕಡೆ ಕಳಿಸಿದ್ದಾದರೆ ರೆಫರಲ್ ಚೀಟಿಯೇ ಅದಕ್ಕೆ ಉತ್ತರ. "ಅಪಾಯ ಹೆಚ್ಚಿದೆ, ಒಪ್ಪಿದ್ದೇವೆ" ಎಂಬ ಒಪ್ಪಿಗೆ ಪತ್ರಕ್ಕೆ ಮಾತ್ರ ಹೆದರಬೇಕಿಲ್ಲ. ಅಪಾಯಕ್ಕೆ ಒಪ್ಪಿದಿರಿ, ನಿರ್ಲಕ್ಷ್ಯಕ್ಕಲ್ಲ.

ಹಂತ 5: ಇನ್ನೊಬ್ಬ ಹೃದ್ರೋಗ ತಜ್ಞರಿಗೆ ತೋರಿಸಿ

ವಕೀಲರಿಗಿಂತ ಮೊದಲು ಇವರ ಬಳಿ ಹೋಗಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಸಂಬಂಧವಿಲ್ಲದವರಾಗಿರಲಿ. "ತಪ್ಪಾಗಿದೆಯಾ ಸರ್?" ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ. ಹೀಗೆ ಕೇಳಿ: ಈ ಇಸಿಜಿಯಲ್ಲಿ ಎಸ್‌ಟಿ ಏರಿದೆಯೇ? ಯಾವ ನಾಳದ ಭಾಗ? ಈ ಹೊತ್ತಿಗೆ ಇಂಜೆಕ್ಷನ್ ಕೊಡಲು ಅಡ್ಡಿ ಏನಾದರೂ ಇತ್ತೇ? ಎರಡು ಗಂಟೆ ಮುಂಚೆ ನಾಳ ತೆರೆದಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆ ಎಷ್ಟು? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಲಿಖಿತವಾಗಿ ಪಡೆಯಲು ಪ್ರಯತ್ನಿಸಿ.

ತಜ್ಞರ ಅಭಿಪ್ರಾಯ ಎಲ್ಲ ಪ್ರಕರಣಕ್ಕೂ ಕಡ್ಡಾಯವಲ್ಲ ಎಂದು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಸಿಜಿಯನ್ನೇ ತೆಗೆಯದಂಥ ಎದ್ದುಕಾಣುವ ತಪ್ಪಿಗೆ ಆ ಮಾತು ಒದಗುತ್ತದೆ. ಸೂಕ್ಷ್ಮ ಪ್ರಶ್ನೆಗಳಲ್ಲಿ ತಜ್ಞರಿಲ್ಲದೆ ಹೋಗಬೇಡಿ ಎಂಬುದೇ ನಮ್ಮ ಸಲಹೆ.

ಬದುಕುಳಿದವರಿದ್ದರೆ ಆರು ವಾರದಿಂದ ಮೂರು ತಿಂಗಳ ನಡುವೆ ಮತ್ತೆ ಎಕೋ ಮಾಡಿಸಿ. ಅದರಲ್ಲಿ 'ಇಎಫ್' ಎಂಬ ಅಂಕಿ ಇರುತ್ತದೆ, ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ. 55ರ ಆಸುಪಾಸು ಇರಬೇಕಾದ್ದು 40ಕ್ಕಿಂತ ಕೆಳಗೇ ನಿಂತುಬಿಟ್ಟಿದ್ದರೆ ಹಾನಿ ಶಾಶ್ವತ ಎನ್ನಲು ಅದು ಆಧಾರ.

ಹಂತ 6: ದಾರಿ ಆರಿಸಿಕೊಳ್ಳಿ

ಪರಿಹಾರದ ಹಣಕ್ಕೆ ಗ್ರಾಹಕರ ಆಯೋಗವೇ ಸರಿಯಾದ ದಾರಿ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯಡಿ ಬರುತ್ತದೆ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಣವನ್ನು ವಿಮಾ ಕಂಪನಿಯೋ ಕೆಲಸ ಕೊಟ್ಟವರೋ ಕಟ್ಟಿದ್ದರೂ ನೀವು ಗ್ರಾಹಕರೇ. ಬೇರೆಯವರಿಂದ ಹಣ ಪಡೆಯುವ ಆಸ್ಪತ್ರೆ ನಿಮಗೆ ಉಚಿತವಾಗಿ ನೋಡಿದ್ದರೂ ದೂರು ಕೊಡಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಸರ್ಕಾರಿ ಆಸ್ಪತ್ರೆ ಮಾತ್ರ ಹೊರಗೆ. ಅಲ್ಲಿ ಸಿವಿಲ್ ದಾವೆ (ಸರ್ಕಾರಕ್ಕೆ ಎರಡು ತಿಂಗಳ ಮುಂಗಡ ನೋಟಿಸ್ ಕೊಟ್ಟು) ಅಥವಾ ಹೈಕೋರ್ಟ್ ರಿಟ್. 1996ರ ಪಶ್ಚಿಮ ಬಂಗಾ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ, ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ನೀಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಹೇಳಿ ಪರಿಹಾರ ಕೊಡಿಸಿತ್ತು.

ವೈದ್ಯರ ನಡವಳಿಕೆ ಮೇಲೆ ಕ್ರಮಕ್ಕೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಅಲ್ಲಿ ಹಣ ಸಿಗುವುದಿಲ್ಲ, ಆದರೆ ಅದರ ಆದೇಶ ಆಯೋಗದಲ್ಲಿ ತೂಕದ ದಾಖಲೆ. ಮುಂಗಡ ಕೇಳಿ ತುರ್ತು ಚಿಕಿತ್ಸೆ ತಡೆದಂಥ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಿ.

ಪೊಲೀಸ್ ಪ್ರಕರಣ ಎಲ್ಲರ ಬಾಯಲ್ಲಿ ಮೊದಲು ಬರುತ್ತದೆ, ಗೆಲ್ಲುವುದು ಎಲ್ಲಕ್ಕಿಂತ ಕಷ್ಟ. ಭಾರತೀಯ ನ್ಯಾಯ ಸಂಹಿತೆಯ 106(1) ಕಲಮಿನಡಿ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡು ವರ್ಷ ಶಿಕ್ಷೆ. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ನಿರ್ಲಕ್ಷ್ಯ ಘೋರವಾಗಿರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು. ಇದೊಂದನ್ನೇ ನಂಬಿ ಕೂತು ಗ್ರಾಹಕರ ಆಯೋಗದ ಕಾಲಮಿತಿ ಕಳೆದುಕೊಂಡವರಿದ್ದಾರೆ. ನೀವು ಹಾಗೆ ಮಾಡಬೇಡಿ.

ಹಂತ 7: ದೂರು ಸಲ್ಲಿಸಿ

ಕಾಲಮಿತಿ ಎರಡು ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಿಸಲು ಕೇಳಬಹುದು, ಆದರೆ ಮನ್ನಿಸಲೇಬೇಕೆಂದಿಲ್ಲ. ವಕೀಲರ ನೋಟಿಸ್ ಕಡ್ಡಾಯವಲ್ಲ, ಕೊಟ್ಟರೆ ಒಳ್ಳೆಯದು. ಅವರ ಉತ್ತರದಲ್ಲಿ ಎಷ್ಟೋ ಸಲ ವೇಳೆಯ ಬಗ್ಗೆ ಕೇಸ್ ಶೀಟಿಗೆ ಹೊಂದದ ಮಾತು ಸಿಗುತ್ತದೆ.

ಯಾವ ಆಯೋಗ ಎಂಬುದನ್ನು ನೀವು ಕೇಳುವ ಪರಿಹಾರ ನಿರ್ಧರಿಸುವುದಿಲ್ಲ, ಆಸ್ಪತ್ರೆಗೆ ಕಟ್ಟಿದ ಮೊತ್ತ ನಿರ್ಧರಿಸುತ್ತದೆ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗ. ಬಿಲ್ಲು 3 ಲಕ್ಷವಾಗಿದ್ದು 40 ಲಕ್ಷ ಪರಿಹಾರ ಕೇಳಿದರೂ ಜಿಲ್ಲಾ ಆಯೋಗವೇ, ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಬೆಂಗಳೂರಿನ ಆಸ್ಪತ್ರೆ ಮೇಲೆ ರಾಯಚೂರಿನಲ್ಲಿ ದೂರು ಕೊಡಲು ಅಡ್ಡಿಯಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು.

ದೂರಿನ ಮೊದಲ ಪುಟದಲ್ಲೇ ಹಂತ 2ರ ಕಾಲಪಟ್ಟಿ ಇರಲಿ, ಪ್ರತಿ ಸಾಲಿನ ಮುಂದೆ ಯಾವ ದಾಖಲೆ, ಎಷ್ಟನೇ ಪುಟ ಎಂದು ಬರೆಯಿರಿ. ಆಸ್ಪತ್ರೆ, ಕರ್ತವ್ಯದಲ್ಲಿದ್ದ ವೈದ್ಯರು, ಅವರ ವಿಮಾ ಕಂಪನಿ ಗೊತ್ತಿದ್ದರೆ ಅದನ್ನೂ ಎದುರುದಾರರನ್ನಾಗಿ ಮಾಡಿ. ಮೃತರ ಎಲ್ಲ ವಾರಸುದಾರರೂ ದೂರುದಾರರಾಗಲಿ, ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ಆದಾಯಕ್ಕೆ ಸಂಬಳದ ಚೀಟಿ, ಆದಾಯ ತೆರಿಗೆ ವಿವರ. ರೈತರಾದರೆ ಪಹಣಿ, ಬೆಳೆ ಮಾರಿದ ರಸೀದಿ. ಕೇಳುವ ಮೊತ್ತವನ್ನು ಬಾಬತ್ತುವಾರು ಬಿಡಿಸಿ: ಚಿಕಿತ್ಸೆ ಖರ್ಚು, ಆದಾಯ ನಷ್ಟ, ಅವಲಂಬಿತರು, ಮಾನಸಿಕ ಯಾತನೆ. ಲೆಕ್ಕವಿಲ್ಲದ ಒಂದು ಕೋಟಿಗಿಂತ ಲೆಕ್ಕವಿರುವ ಮೂವತ್ತು ಲಕ್ಷಕ್ಕೆ ಬೆಲೆ ಹೆಚ್ಚು.

ವಕೀಲರ ಫೀಸು ಕೊಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.

ಹಂತ 8: ಸಲ್ಲಿಸಿದ ಮೇಲೆ

ನೋಟಿಸ್ ತಲುಪಿದ 30 ದಿನದಲ್ಲಿ ಆಸ್ಪತ್ರೆ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದನ್ನು ಮೀರಿದ ಉತ್ತರವನ್ನು ಸ್ವೀಕರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 45 ದಿನದ ಲೆಕ್ಕವನ್ನು ನೀವೂ ಇಟ್ಟುಕೊಳ್ಳಿ. ಸಾಕ್ಷ್ಯ ಬಹುಪಾಲು ಅಫಿಡವಿಟ್ ಮೂಲಕವೇ. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ಮುಗಿಸಬೇಕೆಂದಿದ್ದರೂ ವೈದ್ಯಕೀಯ ಪ್ರಕರಣಗಳು ವರ್ಷಗಟ್ಟಲೆ ಹಿಡಿಯುತ್ತವೆ. ಗೈರುಹಾಜರಾದರೆ ದೂರು ವಜಾ ಆಗಬಹುದು, ಪ್ರತಿ ದಿನಾಂಕವನ್ನೂ ಪೋರ್ಟಲ್‌ನಲ್ಲಿ ನೀವೇ ನೋಡುತ್ತಿರಿ.

ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಆಸ್ಪತ್ರೆ ಮೇಲ್ಮನವಿ ಹೋಗಬೇಕಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಈ ಹಂತದಲ್ಲಿ ರಾಜಿಗೆ ಕರೆ ಬರುವುದುಂಟು. ಒಪ್ಪುವುದಾದರೆ ಹಣ ಖಾತೆಗೆ ಬರುವ ಮುಂಚೆ "ಯಾವ ತಕರಾರೂ ಇಲ್ಲ" ಎಂಬ ಪತ್ರಕ್ಕೆ ಸಹಿ ಹಾಕಬೇಡಿ, ರಾಜಿಯ ಷರತ್ತನ್ನು ಆಯೋಗದ ಆದೇಶದಲ್ಲೇ ಬರೆಸಿಕೊಳ್ಳಿ.